ಕಾಗೆ ಎತ್ತಿಕೊಂಡು ಹೋದ ಅಮ್ಮ

ನಮ್ಮ ಮನೆಯಲ್ಲಿ ನನ್ನ ಚಪ್ಪಲಿ ಹಿಂದಿನ ಸಂಜೆಯೇ ಹಿತ್ತಲಿಗೆ ಹೋಗುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅದನ್ನು ಗೋಡೆಗೆ ಒರಗಿಸಿ ಇಡುತ್ತಿದ್ದವರು ನನ್ನ ಅತ್ತೆ. ಬೆಳಿಗ್ಗೆ ನೈಟಿಯಲ್ಲೇ ನನ್ನ ಅಡುಗೆ, ನೈಟಿಯಲ್ಲೇ ಮಗಳಿಗೆ ಹಾಲು, ನೈಟಿಯಲ್ಲೇ ಒಂದಿಷ್ಟು ಆಟ. ಹಾಕಿಕೊಳ್ಳಬೇಕಾದ ಚೂಡಿದಾರ, ಬಾಚಣಿಗೆ, ಪೌಡರ್ ಡಬ್ಬಿ, ಬ್ಯಾಗು ಎಲ್ಲವೂ ಪಕ್ಕದ ಮನೆ ಅಕ್ಕನ ನಡುಮನೆಯಲ್ಲಿ. ಅತ್ತೆ ಮಗುವನ್ನು ಎತ್ತಿಕೊಂಡು ಬೀದಿಬಾಗಿಲಿಗೆ ಹೋಗಿ, "ನೋಡ್ ಪಾಪ, ಆಟೋ ಬಂತು, ನಾಯಿ ಬಂತು" ಎಂದು ತೋರಿಸುತ್ತಿದ್ದರೆ ನಾನು ಹಿತ್ತಲಿಂದ ಜಾರಿ, ಪಕ್ಕದ ಮನೆಯಲ್ಲಿ ಬಟ್ಟೆ ಬದಲಿಸಿ, ಹಿಂದಿನ ಸಂದಿ ಹಿಡಿದು ಬಂಗಾರಪೇಟೆ ಸ್ಟೇಷನ್ನಿಗೆ ಓಡುತ್ತಿದ್ದೆ. ನಾನು ಹೋಗುತ್ತಿದ್ದದ್ದು ಕಳ್ಳತನಕ್ಕಲ್ಲ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ. ಆದರೆ ಹೋಗುವ ರೀತಿ ನೋಡಿದವರು ಪೊಲೀಸರಿಗೆ ಫೋನ್ ಮಾಡಿದ್ದರೂ ತಪ್ಪು ಹೇಳುವಂತಿರಲಿಲ್ಲ.

ನನಗೆ ಬೇಕಾಗಿದ್ದು ದೊಡ್ಡದೇನಲ್ಲ. ಮಗಳಿಗೆ ಮುಖ ತೋರಿಸಿ, "ಹೋಗಿ ಬರ್ತೀನಿ" ಎಂದು ಹೇಳಿ, ಮುಂಬಾಗಿಲಿಂದ ಹೊರಡಬೇಕು. ಅಷ್ಟೇ. ನಮ್ಮ ಕಡೆ ಯಾರೂ ಬರೀ "ಹೋಗ್ತೀನಿ" ಅನ್ನುವುದಿಲ್ಲ, ಅದು ಅಪಶಕುನ. ತಮಿಳಿನವರು "ಪೋಯಿಟ್ಟು ವರೇನ್" ಅನ್ನುತ್ತಾರೆ, ತೆಲುಗಿನವರು "ಪೋಯೊಸ್ತಾನು" ಅನ್ನುತ್ತಾರೆ. ಯಾವ ಭಾಷೆಯಲ್ಲಿ ಹೊರಟರೂ ವಾಪಸ್ ಬರುವ ಮಾತು ಜೊತೆಗೇ ಇರುತ್ತದೆ. ಗ್ಯಾಸ್ ಸಿಲಿಂಡರ್ ತಂದವನೂ ಹೊಸಿಲು ದಾಟುವಾಗ "ಬತ್ತೀನಮ್ಮ" ಅಂದು ಹೋಗುತ್ತಾನೆ. ಅವನು ಬರದಿದ್ದರೆ ನಾವೇನೂ ಅಳುವುದಿಲ್ಲ, ಆದರೂ ಹೇಳುತ್ತಾನೆ. ಹೆತ್ತ ಮಗಳಿಗೆ ಮಾತ್ರ ಎರಡೂವರೆ ವರ್ಷವಾಗುವವರೆಗೆ, ಒಂದೇ ಒಂದು ದಿನ ಬಿಟ್ಟರೆ, ಆ ಮಾತು ನನ್ನಿಂದ ಸಿಗಲಿಲ್ಲ. ಈಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತದೆ.

ಕಾರಣ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ. "ಮಗೂಗೇನ್ ಗೊತ್ತಾಗ್ತದೆ?" ಅತ್ತೆ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಕೆಜಿಎಫ್‌ನಿಂದ ಮದುವೆಯಾಗಿ ಬಂದ ಪಕ್ಕದ ಮನೆ ಅಕ್ಕ ತಮಿಳಿನಲ್ಲಿ, "ಕೊಳಂದೈಕ್ಕು ಎನ್ನಮ್ಮಾ ತೆರಿಯುಂ" ಅನ್ನುತ್ತಿದ್ದಳು. ಹೂ ಮಾರುವಾಕೆ ಅದನ್ನೇ ತೆಲುಗಿನಲ್ಲಿ ಹೇಳುತ್ತಿದ್ದಳು. ಮೂರು ಭಾಷೆ ಬಲ್ಲ ಊರು ನಮ್ಮದು ಎಂದು ಹೆಮ್ಮೆಪಡುತ್ತೇವೆ. ಮಗುವಿಗೆ ಏನೂ ತಿಳಿಯದು ಎನ್ನುವ ದಡ್ಡತನವನ್ನು ಮೂರರಲ್ಲೂ ನಿರರ್ಗಳವಾಗಿ ಹೇಳಬಲ್ಲೆವು.

ಹೆರಿಗೆ ರಜೆ ಮುಗಿದು ನಾನು ಕೆಲಸಕ್ಕೆ ಮರಳಿದಾಗ ಮಗಳಿಗೆ ಆರು ತಿಂಗಳು. ಆಗ ಅವಳು ಅಳಲಿಲ್ಲ, ನಿಜ. ನಾನು ಬಾಗಿಲ ಆಚೆ ಹೋದರೆ ಅತ್ತೆಯ ಬಳೆ ಹಿಡಿದು ಎಳೆಯುತ್ತ ನಗುತ್ತಿದ್ದಳು. "ನೋಡ್ದಾ? ಅದರ ಪಾಡಿಗೆ ಅದು ಐತೆ," ಎಂದರು ಅತ್ತೆ. ನನಗೆ ಸಮಾಧಾನವೂ ಆಯಿತು, ಒಳಗೊಳಗೇ ಚುರುಕ್ ಎಂದೂ ಅನ್ನಿಸಿತು. ರೈಲಿನಲ್ಲಿ ಕೂತು ಫೋನಿನಲ್ಲಿ ಮಕ್ಕಳ ಬೆಳವಣಿಗೆಯ ವಿಷಯ ಓದುವ ಅಭ್ಯಾಸ ಆಗಲೇ ಶುರುವಾಗಿತ್ತು. ಕಣ್ಣಿಗೆ ಕಾಣದ ವಸ್ತು ಆ ವಯಸ್ಸಿನ ಮಗುವಿಗೆ ಇಲ್ಲದಂತೆಯೇ ಎಂದು ಅಲ್ಲಿತ್ತು. ಒಂದು ಭಾನುವಾರ ಪರೀಕ್ಷೆ ಮಾಡಿಯೂ ನೋಡಿದೆ, ಲ್ಯಾಬಿನವಳ ಬುದ್ಧಿ ಎಲ್ಲಿ ಹೋಗುತ್ತದೆ. ಮಗಳು ಆಸೆಯಿಂದ ಕೈಚಾಚಿದ ಸ್ಟೀಲ್ ಚಮಚದ ಮೇಲೆ ಅವಳದೇ ಹಳದಿ ಟವಲನ್ನು ಹಾಕಿದೆ. ಚಾಚಿದ ಕೈ ಗಾಳಿಯಲ್ಲಿ ನಿಂತಿತು. ಮರುಗಳಿಗೆ ಚಮಚ ಎಂಬುದು ಲೋಕದಲ್ಲಿ ಇರಲೇ ಇಲ್ಲವೆಂಬಂತೆ ಫ್ಯಾನ್ ನೋಡತೊಡಗಿದಳು. ನಾನೂ ಅವಳಿಗೆ ಹಾಗೆಯೇ ಎಂದು ಅರ್ಥವಾಯಿತು. ಸಂಜೆ ಬಂದಾಗ ಮಾತ್ರ ನಾನು ಇದ್ದೆ.

ಎಂಟು ತಿಂಗಳಾಗುವ ಹೊತ್ತಿಗೆ ಅದೇ ಟವಲನ್ನು ಎರಡೂ ಕೈಯಲ್ಲಿ ಕಿತ್ತೆಸೆದು ಚಮಚ ಹಿಡಿದಳು. ಹಿಡಿದು ನನ್ನ ಮುಖ ನೋಡಿ ಕೇಕೆ ಹಾಕಿದಳು. ಎದುರು ಮನೆಯ ಮಗು ನಡೆದರೆ ಬೀದಿಗೆಲ್ಲ ಸಕ್ಕರೆ ಹಂಚುತ್ತಾರೆ. ನನ್ನ ಮಗಳು ಕಾಣದ್ದೂ ಇರುತ್ತದೆ ಎಂದು ಕಂಡುಕೊಂಡ ದಿನ ಯಾರೂ ಏನೂ ಹಂಚಲಿಲ್ಲ. ಅದೇ ವಾರದಿಂದ ನಾನು ಮನೆಯಲ್ಲಿಲ್ಲವೆಂದು ಗೊತ್ತಾದ ತಕ್ಷಣ ಅಳು ಶುರುವಾಯಿತು. ಅತ್ತೆ ದೃಷ್ಟಿ ಆಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಪಕ್ಕದ ಮನೆ ಅಕ್ಕ ಹಲ್ಲು ಬರುತ್ತಿದೆ ಎಂದಳು. ನನ್ನ ಗಂಡ ನೀರು ಬದಲಾಗಿ ಒಗ್ಗದಿರಬೇಕು ಎಂದರು. ಅಮ್ಮ ಎಲ್ಲೋ ಇದ್ದಾಳೆ, ಆದರೆ ಇಲ್ಲಿಲ್ಲ ಎಂದು ಮಗುವಿಗೆ ತಿಳಿದಿದೆ, ಅದಕ್ಕೇ ಅಳುತ್ತಿದೆ ಎಂದು ನಾನು ಹೇಳಿದರೆ ಮೂವರೂ ನನ್ನನ್ನೇ ದೃಷ್ಟಿ ತೆಗೆಸಬೇಕಾದವಳಂತೆ ನೋಡಿದರು.

ಕದ್ದು ಹೋಗುವ ಏರ್ಪಾಟು ಹುಟ್ಟಿದ್ದು ಆಗ. ಮಗು ಬುದ್ಧಿವಂತೆಯಾದಳು, ಅದಕ್ಕೆ ನಾವು ಕೊಟ್ಟ ಬಹುಮಾನ ಮೋಸ. ಅದೇನು ಒಬ್ಬಿಬ್ಬರ ಸಂಚಲ್ಲ. ಅತ್ತೆ, ಪಕ್ಕದ ಮನೆ ಅಕ್ಕ, ಸಂದಿಯಲ್ಲಿ ನೀರು ಹಿಡಿಯುವ ಹೆಂಗಸರು, ಎಲ್ಲರೂ ನನ್ನ ಪರವಾಗಿ ದುಡಿದರು. ನಾನು ಹಿತ್ತಲ ಬಾಗಿಲಲ್ಲಿ ಕಾಣಿಸಿದರೆ ಬಿಂದಿಗೆ ಸದ್ದು ಮಾಡದೆ ದಾರಿ ಬಿಡುತ್ತಿದ್ದರು. ಒಬ್ಬಾಕೆ ಬೆರಳು ತುಟಿಗಿಟ್ಟು ಸನ್ನೆ ಮಾಡುತ್ತಿದ್ದಳು. ಇಷ್ಟು ಒಗ್ಗಟ್ಟಾಗಿ ನಮ್ಮ ಬೀದಿ ಬೇರೆ ಯಾವ ಕೆಲಸಕ್ಕೂ ನಿಂತದ್ದನ್ನು ನಾನು ನೋಡಿಲ್ಲ. ಮೋರಿ ಕಟ್ಟಿಕೊಂಡಾಗ ಅರ್ಜಿಗೆ ಸಹಿ ಹಾಕಿ ಎಂದು ಬೇಡಿದರೂ ಬರದವರು ಇವರು.

ನನ್ನ ಗಂಡನದು ಹಾಲಿನ ಟೆಂಪೋ. ಕ್ಯಾಸಂಬಳ್ಳಿ ಕಡೆಯ ಹಳ್ಳಿಗಳಲ್ಲಿ ಹಾಲು ಎತ್ತಿಕೊಂಡು ಬರಬೇಕಾದ್ದರಿಂದ ಅವರು ಹೊರಡುವಾಗ ಮಗಳು ನಿದ್ದೆಯಲ್ಲಿರುತ್ತಿದ್ದಳು. ಹಾಗಾಗಿ ಅವರಿಗೆ ಕದ್ದು ಹೋಗುವ ಅಗತ್ಯವೇ ಇರಲಿಲ್ಲ, ಊರಿನ ಸಜ್ಜನರಲ್ಲಿ ಅವರೂ ಒಬ್ಬರಾಗಿ ಉಳಿದರು. ಏನಾದರೂ ಕೇಳಿದರೆ, "ನಮ್ಮಮ್ಮ ಯೋಳೋದೂ ಸರಿ, ನೀನ್ ಯೋಳೋದೂ ಸರಿ" ಎನ್ನುತ್ತಿದ್ದರು. ಎರಡೂ ಸರಿ ಎನ್ನುವವರ ಹತ್ತಿರ ಜಗಳ ಕಾಯುವುದಾದರೂ ಹೇಗೆ?

ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನ ಕೋರಮಂಡಲ್‌ನಲ್ಲಿ, ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ಅಪ್ಪ ಗಣಿಯಲ್ಲಿ ಕೆಲಸಕ್ಕಿದ್ದರು. ಶಿಫ್ಟಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ನಮ್ಮನ್ನೆಲ್ಲ ಕರೆಯುತ್ತಿದ್ದರು. ಮಲಗಿದ್ದರೆ ಅಮ್ಮ ಎಬ್ಬಿಸಿ ತಂದು ನಿಲ್ಲಿಸುತ್ತಿದ್ದಳು. ತೊಟ್ಟಿಲ ಕೂಸಾಗಿದ್ದ ನನ್ನ ತಮ್ಮನನ್ನೂ ಎತ್ತಿಕೊಂಡು ಬರುತ್ತಿದ್ದಳು. ಅಪ್ಪ ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು, "ಓಗ್ಬಿಟ್ಟು ಬತ್ತೀನಿ, ಮುಖ ನೋಡ್ಕಳಿ" ಎನ್ನುತ್ತಿದ್ದರು. ನಮ್ಮ ಲೈನಿನಲ್ಲಿ ಬಹಳ ಮನೆಗಳಲ್ಲಿ ಹಾಗೇ ಇತ್ತು. ನೆಲದೊಳಗೆ ಇಳಿಯುವವನು ಮಕ್ಕಳಿಗೆ ಮುಖ ತೋರಿಸದೆ ಹೋಗಬಾರದು ಎಂದು ಹೆಂಗಸರು ಹಟ ಹಿಡಿಯುತ್ತಿದ್ದರು. ತಮ್ಮ ಅಳುತ್ತಿದ್ದ. ಅಳಲಿ ಬಿಡು, ನೋಡಿ ಅಳಲಿ ಎನ್ನುತ್ತಿದ್ದಳು ಅಮ್ಮ. ಗಣಿ ಮುಚ್ಚಿದ ಮೇಲೆ ಅಪ್ಪ ಬೆಂಗಳೂರಿಗೆ ರೈಲು ಹಿಡಿದರು, ಆಗಲೂ ಬಾಗಿಲಲ್ಲಿ ನಿಂತು ಹೇಳಿಯೇ ಹೋದರು. ವಾಪಸ್ ಬರುತ್ತೇನೋ ಇಲ್ಲವೋ ಎಂದು ಖಾತ್ರಿಯಿಲ್ಲದ ಮನುಷ್ಯ ಎದುರು ನಿಂತು ಮಾತು ಕೊಟ್ಟ. ಏಸಿ ರೂಮಿನಲ್ಲಿ ಕೂತು ಕೆಲಸ ಮಾಡಿ ಸಂಜೆ ಖಂಡಿತ ಬರುವ ನಾನು ಬಟ್ಟೆ ಒಗೆಯುವ ಕಲ್ಲಿನ ಹಿಂದಿನಿಂದ ಓಡಿದೆ. ಇದಕ್ಕೆ ಸಿಟ್ಟು ಬರದೆ ಇನ್ನೇನು ಬರಬೇಕು?

ಅಪ್ಪನ ಮಾತನ್ನು ಅತ್ತೆಗೆ ಹೇಳಿದೆ. "ಅದು ಗಣಿ ಜನದ ಸಮಾಚಾರ ಕಣಮ್ಮ. ನಮ್ ಕಡೆ ಅಂಗಿಲ್ಲ," ಎಂದರು.

ಹತ್ತು ತಿಂಗಳಿನ ಹೊತ್ತಿಗೆ ಅಂಬೆಗಾಲಿಡುತ್ತಿದ್ದಳು. ಒಂದು ಬೆಳಿಗ್ಗೆ ನಾನು ಹಿತ್ತಲ ಬಾಗಿಲು ದಾಟುವಾಗ ಹೇಗೋ ನೋಡಿಬಿಟ್ಟಳು. ನನ್ನ ನೈಟಿಯ ಅಂಚು ಕಂಡಿರಬೇಕು. ಅಂದಿನಿಂದ ನಾವು ಜಾಣರಾಗಿ ದಾರಿ ಬದಲಾಯಿಸಿದೆವು. ಅತ್ತೆ ಅವಳನ್ನು ಹಿತ್ತಲಿಗೆ ಕರೆದೊಯ್ದು ಕೋಳಿ ತೋರಿಸುವುದು, ನಾನು ಬೀದಿಬಾಗಿಲಿಂದ ಓಡುವುದು. ಎರಡು ವಾರ ಕಳೆದಿತ್ತೇನೋ. ಆ ಬೆಳಿಗ್ಗೆ ಅತ್ತೆಗೆ ಕೈ ಬಿಡುವಿರಲಿಲ್ಲ, ನಾನು ಅವಳ ಕಣ್ಣೆದುರೇ ಬೀದಿಬಾಗಿಲಿಂದ ಹೊರಗೆ ಹೋದೆ. ರೈಲು ರದ್ದಾಗಿತ್ತು, ಸ್ವಲ್ಪ ಹೊತ್ತಿಗೇ ಮನೆಗೆ ವಾಪಸ್ ಬಂದೆ. ಬೀದಿಬಾಗಿಲು ಹಾರುಹೊಡೆದಿತ್ತು. ಮಗಳು ಅಲ್ಲಿರಲಿಲ್ಲ. ಹಿತ್ತಲ ಬಾಗಿಲ ಹೊಸಿಲಲ್ಲಿ ನನಗೆ ಬೆನ್ನು ಹಾಕಿ, ಒಗೆಯುವ ಕಲ್ಲನ್ನೇ ನೋಡುತ್ತ ಕೂತಿದ್ದಳು.

ಆ ವಯಸ್ಸಿನ ಮಕ್ಕಳು ಹಾಗೆ ಮಾಡುತ್ತವೆ ಎಂದು ನಾನು ಓದಿದ್ದೆ. ಚಮಚವನ್ನು ಅವರ ಕಣ್ಣೆದುರೇ ಬೇರೆ ಬಟ್ಟೆಯ ಕೆಳಗೆ ಇಟ್ಟರೂ, ಮೊದಲು ಸಿಕ್ಕಿದ ಬಟ್ಟೆಯ ಕೆಳಗೇ ಹುಡುಕುತ್ತವೆ. ಮನೆಯಲ್ಲಿ ಚಮಚದಿಂದಲೇ ಆ ತಪ್ಪನ್ನು ನೋಡಿ ನಾನೂ ನಕ್ಕಿದ್ದೆ. ಆದರೆ ಇದು ಚಮಚವಲ್ಲ. ಬೀದಿಬಾಗಿಲಿಂದ ಹೋದ ನನ್ನನ್ನು ಅವಳು ಹಿತ್ತಲಲ್ಲಿ ಹುಡುಕುತ್ತಿದ್ದಾಳೆ, ಯಾಕೆಂದರೆ ನನ್ನ ಬೆನ್ನನ್ನು ಅವಳು ಮೊದಲು ಕಂಡದ್ದು ಅಲ್ಲಿ. ಎತ್ತಿಕೊಂಡೆ. ಕೆನ್ನೆಯೆಲ್ಲ ಒಣಗಿದ ಕಣ್ಣೀರು. "ಆಟ ಆಡ್ಕಂಡ್ ಕುಂತೈತೆ, ನೋಡು," ಎಂದರು ಅತ್ತೆ ಒಳಗಿನಿಂದ. ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ, ಮಗಳು ಕಿವಿಯ ಹತ್ತಿರವೇ ಇದ್ದಳೆಂದು ನುಂಗಿಕೊಂಡೆ.

ರೈಲಿನ ಹೆಂಗಸರ ಬೋಗಿಯಲ್ಲಿ ಇದನ್ನು ಹೇಳಿಕೊಂಡರೆ ಕನಿಕರ ಸಿಗಲಿಲ್ಲ, ಸಲಹೆ ಸಿಕ್ಕಿತು. ಮಾರಿಕುಪ್ಪಂನಿಂದ ಕೂತು ಬರುವವರು, ನಮ್ಮಲ್ಲಿ ಹತ್ತುವವರು, ಎಲ್ಲರೂ ಈ ವಿದ್ಯೆಯಲ್ಲಿ ಪಳಗಿದವರೇ. ಒಬ್ಬಳು ಬೆಳಿಗ್ಗೆಯೇ ಟಿವಿ ಹಾಕಿ ಮಗು ಅದರಲ್ಲಿ ಮುಳುಗಿದಾಗ ಹೊರಡುತ್ತಾಳೆ. ಒಬ್ಬಳು ಮಗುವನ್ನು ಮಾವನ ಜೊತೆ ಬಿಸ್ಕತ್ತಿಗೆ ಅಂಗಡಿಗೆ ಕಳಿಸುತ್ತಾಳೆ. ಒಬ್ಬಳು ತಾನು ತೊಟ್ಟು ಬಿಟ್ಟ ನೈಟಿಯನ್ನು ದಿಂಬಿಗೆ ತೊಡಿಸಿ ಮಲಗಿದ ಮಗುವಿನ ಪಕ್ಕ ಇಟ್ಟು ಬರುತ್ತಾಳೆ. ಮಗು ಅಮ್ಮನ ವಾಸನೆ ಹಿಡಿದು ಇನ್ನೊಂದು ಗಂಟೆ ಮಲಗುತ್ತದಂತೆ. ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು. "ಎದ್ದ ಮೇಲೆ?" ಎಂದು ಕೇಳಿದೆ. "ಎದ್ದಾಗ ನಾನಲ್ಲಿ ಇರಲ್ವಲ್ಲ," ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಗುತ್ತಿದ್ದವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಮಗು ಅಳುವುದನ್ನು ಕೇಳಿಕೊಂಡು ಬಂದರೆ ದಿನವಿಡೀ ಕೈ ಓಡುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಅಳು ಮಗುವಿಗೆ ಬೇಡ ಎಂದು ನಾವೆಲ್ಲ ಹೇಳುತ್ತಿದ್ದೆವು. ಅಳು ಬೇಡವಾಗಿದ್ದದ್ದು ನಮಗೆ.

ವರ್ಷ ತುಂಬಿದ ಮೇಲೆ ಮಗಳು ಬೆರಳು ತೋರಿಸಲು ಕಲಿತಳು. ದೀಪ, ಹಲ್ಲಿ, ಗಡಿಯಾರ, ಎಲ್ಲಕ್ಕೂ ಬೆರಳು. ನಾವು ಮತ್ತೆ ಹಿತ್ತಲ ದಾರಿಗೇ ಮರಳಿದ್ದೆವು. ಸಂಜೆ ಚಪ್ಪಲಿ ಹಿತ್ತಲಿಗೆ ಹೋಗುವಾಗ ಅದಕ್ಕೂ ಬೆರಳು ತೋರಿಸಿ ನನ್ನ ಮುಖ ನೋಡುತ್ತಿದ್ದಳು. ಆ ನೋಟದಲ್ಲಿ ಪ್ರಶ್ನೆ ಇತ್ತು, ಅಷ್ಟು ದೊಡ್ಡ ಪ್ರಶ್ನೆಗೆ ನಾವು ಹುಣಿಸೆಬೀಜ, ಬಳೆ ಏನಾದರೂ ಕೈಗೆ ಕೊಟ್ಟು ತಿರುಗಿಸುತ್ತಿದ್ದೆವು. ಮೆಟ್ಟಿಲ ಮೇಲೆ ಕೂತು ಲೋಟವನ್ನು ಬೀಳಿಸುವುದು, ತಂದುಕೊಟ್ಟರೆ ಮತ್ತೆ ಬೀಳಿಸುವುದು, ಈ ಬಾರಿ ಬೇರೆ ಸದ್ದು ಬರುತ್ತದೆಯೇ ಎಂದು ಕಿವಿಗೊಡುವುದು. ಅತ್ತೆ ತಲೆ ಚಚ್ಚಿಕೊಳ್ಳುತ್ತಿದ್ದರು. ಬಿದ್ದದ್ದು ಎಲ್ಲಿಗೆ ಹೋಗುತ್ತದೆ, ಮತ್ತೆ ಬರುತ್ತದೆಯೇ ಎಂದು ಅವಳು ನೋಡುತ್ತಿದ್ದಾಳೆ ಎಂದು ನನಗೆ ಅನ್ನಿಸುತ್ತಿತ್ತು. ಅವಳ ಮನೆಯಲ್ಲಿ ಅದು ಬಹಳ ಮುಖ್ಯವಾದ ವಿಷಯವಾಗಿತ್ತು.

ಮಾತು ಬಂತು. ಮೊದಲ ಹತ್ತಾರು ಮಾತುಗಳಲ್ಲಿ "ಎಲ್ಲಿ" ಒಂದು. ಅದಕ್ಕೂ ಕುತ್ತು. ಯಾರಾದರೂ ಹೊರಡುವ ಹೊತ್ತಿನಲ್ಲಿ ಎಲ್ಲಿಗೆ ಎಂದು ಕೇಳಬಾರದು, ಹೋದ ಕೆಲಸ ಆಗುವುದಿಲ್ಲ ಎಂದು ಅತ್ತೆ ಅವಳ ಬಾಯಿಗೆ ಕೈಯಿಡುತ್ತಿದ್ದರು. ನಾನು ಹೋದ ಮೇಲೆ "ಅಮ್ಮ ಎಲ್ಲಿ" ಎಂದರೆ ಮಾತ್ರ ಉತ್ತರ ಸಿಗುತ್ತಿತ್ತು. "ಕಾಗೆ ಎತ್ಕಂಡೋಯ್ತು."

ಈ ಕಾಗೆ ನಮ್ಮ ಮನೆಗಳಲ್ಲಿ ಹಳೆಯದು. ಬಿಸ್ಕತ್ತು ಜಾಸ್ತಿ ಕೇಳಿದರೆ ಕಾಗೆ ಎತ್ತಿಕೊಂಡು ಹೋಯಿತು. ಫೋನನ್ನು ಸೆರಗಿನಲ್ಲಿ ಬಚ್ಚಿಟ್ಟು, ಕಾಗೆ ಎತ್ತಿಕೊಂಡು ಹೋಯಿತು. ಪಾಪದ ಹಕ್ಕಿಯ ತಲೆಗೆ ಕಟ್ಟಿದ ಕಳವಿಗೆ ಲೆಕ್ಕವಿಲ್ಲ. ನಾನೂ ಚಿಕ್ಕವಳಿದ್ದಾಗ ಕೇಳಿದವಳೇ, ಅದರಿಂದ ನನಗೇನೂ ಆಗಲಿಲ್ಲ. ಆದರೆ ಕಾಗೆ ಒಯ್ದದ್ದು ಬಿಸ್ಕತ್ತು. ನನ್ನ ಮಗಳಿಗೆ ಹೇಳಿದ್ದು ಅಮ್ಮನನ್ನೇ ಒಯ್ದಿತು ಎಂದು.

ಒಂದೂವರೆ ವರ್ಷ ದಾಟಿದ ಮೇಲೆ ಅವಳು ಇಡ್ಲಿ ಚೂರು ಹಿಡಿದು ಹಿತ್ತಲಿಗೆ ಹೋಗತೊಡಗಿದಳು. ಪಕ್ಕದ ಮನೆಯ ನುಗ್ಗೆಮರದಲ್ಲಿ ಯಾವಾಗಲೂ ಎರಡು ಮೂರು ಕಾಗೆ. "ಕಾಗೆ ಅಂದ್ರೆ ಪ್ರಾಣ ನಿನ್ ಮಗಳಿಗೆ. ತನ್ ಇಡ್ಲೀನೆಲ್ಲ ಅದುಕ್ಕೇ ಆಕ್ತಾಳೆ," ಎಂದು ಅತ್ತೆ ಬಂದವರಿಗೆಲ್ಲ ಹೇಳಿ ಹಿಗ್ಗುತ್ತಿದ್ದರು. ಒಂದು ಭಾನುವಾರ ನಾನು ಬಟ್ಟೆ ಹಿಂಡುತ್ತಿದ್ದೆ. ಮಗಳು ನನ್ನನ್ನು ಗಮನಿಸಿರಲಿಲ್ಲ. ನುಗ್ಗೆಮರದ ಕೆಳಗೆ ನಿಂತು ಇಡ್ಲಿಯನ್ನು ಮೇಲಕ್ಕೆ ಚಾಚಿ, "ಕಾಕಾ, ಅಮ್ಮ ತಾ" ಎಂದಳು. ಕಾಗೆ ಅಲುಗಲಿಲ್ಲ. ಮತ್ತೆ ಹೇಳಿದಳು, ಈ ಸಲ ಸ್ವಲ್ಪ ಮೆಲ್ಲಗೆ, ಅತ್ತೆ ದೇವರಿಗೆ ಹೇಳುವ ಹಾಗೆ. "ಅಮ್ಮ ತಾ."

ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿನ ಮೇಲೆ ಬಿಸಾಕಿದೆ. ನಾಲ್ಕು ಮಾರು ದೂರದಲ್ಲಿ ಅಮ್ಮ ನಿಂತಿದ್ದಾಳೆ, ಮಗು ತನ್ನ ತಿಂಡಿಯನ್ನು ಲಂಚ ಕೊಟ್ಟು ಕಾಗೆಯ ಹತ್ತಿರ ಅವಳನ್ನು ಬೇಡುತ್ತಿದೆ. ಎಷ್ಟು ದಿನದಿಂದ ಬೇಡುತ್ತಿದೆಯೋ. ಸಂಜೆ ನಾನು ಬಂದಾಗಲೆಲ್ಲ ಕಾಗೆ ಮನಸ್ಸು ಕರಗಿ ವಾಪಸ್ ಕೊಟ್ಟಿತು ಎಂದು ತಿಳಿದಿರಬೇಕು. ಒಳಗೆ ಹೋಗಿ ಅತ್ತೆಯ ಎದುರು ನಿಂತೆ.

"ನಾಳೆಯಿಂದ ನಾನು ಮುಂದಿನ ಬಾಗಿಲಿಂದ ಓಗ್ತೀನಿ, ಅತ್ತೆ. ಅವಳಿಗೆ ಯೋಳಿ ಓಗ್ತೀನಿ."

ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಓಗು. ನೀನ್ ಓಗ್ತೀಯ. ಆಮೇಲೆ ಎದೆ ಬಿರಿಯಂಗೆ ಅಳೋ ಕೂಸ್ನ ಇಡ್ಕಣೋಳು ಯಾರು? ಈ ಮಂಡಿ ನೋವಿಟ್ಕಂಡು ಬೀದೀಲೆಲ್ಲ ಎತ್ಕಂಡು ತಿರುಗೋಳು ಯಾರು? ನೀನು ಸಂಜಿಕೆ ಬಂದು ಮುದ್ದು ಮಾಡ್ತೀಯ."

ಅತ್ತೆ ನಿಜವನ್ನೇ ಹೇಳುತ್ತಿದ್ದರು. ಮಗಳಿಗಾಗಿ ಅವರು ಪಡುವ ಪಾಡು ಸಣ್ಣದಲ್ಲ. ಅಂಥವರ ಬಾಯಲ್ಲೇ ಆ ಕಾಗೆಯೂ ಬರುತ್ತದಲ್ಲ ಎಂದು ನನ್ನ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

ಸೋಮವಾರ ಬೀದಿಬಾಗಿಲಲ್ಲಿ ನಿಂತು ಹೇಳಿದೆ. ಮಗಳು ನನ್ನ ಕಾಲನ್ನು ತಬ್ಬಿ ಕಿರುಚಿದಳು. ಬಿಡಿಸಿಕೊಂಡು ಹೊರಟೆ. ಬೀದಿಯ ಎಲ್ಲ ಬಾಗಿಲೂ ತೆರೆದವು. ಇಷ್ಟು ದಿನ ತುಟಿಗೆ ಬೆರಳಿಟ್ಟು ದಾರಿ ಬಿಟ್ಟವರು ಈಗ ಕಟುಕರನ್ನು ನೋಡುವಂತೆ ನೋಡಿದರು. "ಕಲ್ಲು ಮನಸ್ಸು ಕಣೇ ನಿಂದು," ಎಂದಳು ಪಕ್ಕದ ಮನೆ ಅಕ್ಕ. ಕದ್ದು ಹೋದಾಗ ಒಳ್ಳೆಯ ತಾಯಿ, ಹೇಳಿ ಹೋದರೆ ಕಲ್ಲು ಮನಸ್ಸಿನವಳು. ರೈಲು ವೈಟ್‌ಫೀಲ್ಡ್ ತಲುಪುವ ಮೊದಲೇ ಗಂಡನ ಫೋನ್ ಬಂತು. ಮಗು ಅತ್ತು ಅತ್ತು ವಾಂತಿ ಮಾಡಿಕೊಂಡಿದೆ, ತಮ್ಮ ಅಮ್ಮನೂ ಅಳುತ್ತಿದ್ದಾರೆ, ಇನ್ನು ಈ ರಾಮಾಯಣ ಬೇಡ ಎಂದರು. ಮರುದಿನ ಚಪ್ಪಲಿ ಹಿತ್ತಲಿಗೇ ಹೋಯಿತು. ನಾನು ಸೋತಿದ್ದೆ, ಸೋಲಿಸಿದವರೆಲ್ಲ ಮಗಳನ್ನು ಪ್ರೀತಿಸುವವರೇ ಆಗಿದ್ದರು. ಇನ್ನೊಂದು ವರ್ಷ ಹಾಗೇ ನಡೆಯಿತು.

ಆ ವರ್ಷದಲ್ಲಿ ಅವಳು ಆಟ ಕಟ್ಟಲು ಕಲಿತಳು. ಬೆಂಕಿಪೊಟ್ಟಣ ರೈಲಾಯಿತು, ಒರಳುಕಲ್ಲು ಸ್ಟೇಷನ್ ಆಯಿತು. ಬೊಂಬೆಯನ್ನು ಮಲಗಿಸಿ, ತಾನು ತುದಿಗಾಲಲ್ಲಿ ಬಾಗಿಲ ಹಿಂದೆ ಹೋಗಿ ನಿಂತು, ಬೊಂಬೆ ಎಚ್ಚರವಾಯಿತೇ ಎಂದು ಇಣುಕುತ್ತಿದ್ದಳು. ನೋಡಿದವರೆಲ್ಲ, ಎಷ್ಟು ಮುದ್ದಾಗಿ ಆಡುತ್ತಾಳೆ ಎಂದರು. ಯಾರನ್ನು ನೋಡಿ ಕಲಿತಳು ಎಂದು ಒಬ್ಬರೂ ಕೇಳಲಿಲ್ಲ.

ಎರಡೂವರೆ ವರ್ಷವಾದ ಮೇಲೆ ಒಂದು ಬೆಳಿಗ್ಗೆ ಹಿತ್ತಲಿಗೆ ಹೋದರೆ ಒಂದೇ ಚಪ್ಪಲಿ ಇತ್ತು. ಅತ್ತೆ ಒಗೆಯುವ ಕಲ್ಲಿನ ಸುತ್ತ ಹುಡುಕಿದರು, ಕೋಳಿಗೂಡಿನಲ್ಲಿ ಕೈಯಾಡಿಸಿದರು, ನಾಯಿಯನ್ನು ಬೈದರು. ರೈಲಿಗೆ ಹೊತ್ತಾಗುತ್ತಿತ್ತು. ನಡುಮನೆಯಲ್ಲಿ ಮಗಳು ಚಕ್ಕಳಮಕ್ಕಳ ಹಾಕಿ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಹಳದಿ ಟವಲು, ಈಗ ಹರಿದು ನೆಲ ಒರೆಸುವ ಹಂತಕ್ಕೆ ಬಂದಿದ್ದರೂ ಅವಳು ಬಿಟ್ಟುಕೊಟ್ಟಿರಲಿಲ್ಲ. ಟವಲು ಉಬ್ಬಿತ್ತು. ಒಂದು ಕಡೆ ನನ್ನ ಚಪ್ಪಲಿಯ ಹಿಮ್ಮಡಿ ಹೊರಗೆ ಕಾಣುತ್ತಿತ್ತು.

"ಲೇ ಪಾಪ, ಅಮ್ಮನ್ ಚಪ್ಲಿ ನೋಡ್ದಾ?" ಎಂದು ಕೇಳಿದರು ಅತ್ತೆ.

ಮಗಳು ಅತ್ತೆಯ ಮುಖವನ್ನೇ ನೋಡುತ್ತ, ಅತ್ತೆಯದೇ ರಾಗದಲ್ಲಿ, ಅತ್ತೆಯ ಹಾಗೇ ಕೈ ತಿರುವಿ ಹೇಳಿದಳು. "ಕಾಗೆ ಎತ್ಕಂಡೋಯ್ತು."

ಅತ್ತೆಗೆ ಆಗ ಟವಲು ಕಂಡಿತು. "ಅಯ್ಯೋ ಕಳ್ಳಿ. ಇಷ್ಟುದ್ದ ಇಲ್ಲ, ಆಗ್ಲೇ ಸುಳ್ಳು ಯೋಳ್ತದೆ. ಯಾರೇ ಕಲ್ಸಿದ್ದು ನಿಂಗೆ ಸುಳ್ಳ?" ಎಂದು ಕೈ ಎತ್ತಿದರು.

ನಾನು ಆ ಕೈಯನ್ನು ಹಿಡಿದುಕೊಂಡೆ. ಮದುವೆಯಾಗಿ ಬಂದ ಮೇಲೆ ಅತ್ತೆಯ ಕೈಯನ್ನು ಹಾಗೆ ಹಿಡಿದದ್ದು ಅದೇ ಮೊದಲು. "ಯಾರು ಕಲ್ಸಿದ್ದು ಅಂತ ಮಗೂನ್ ಕೇಳ್ತೀರಾ, ಅತ್ತೆ? ನಾವೇ ಕಲ್ಸಿದ್ದು. ಹುಟ್ಟಿದಾಗಿಂದ ದಿನಾ ಬೆಳಿಗ್ಗೆ ಪಾಠ ಮಾಡಿದೀವಿ. ಈಗ ಒಪ್ಪಿಸಿದ್ರೆ ಒಡೀತೀರಾ?" ನನ್ನ ದನಿ ಏರಿತ್ತು. ನಾನು ಓದಿದ್ದೆ, ಇನ್ನೊಬ್ಬರ ತಲೆಯಲ್ಲಿ ಇಲ್ಲದ ನಂಬಿಕೆಯನ್ನು ಸುಳ್ಳು ಹೇಳಿ ಹುಟ್ಟಿಸಲು ನೋಡುವುದು ಮಗುವಿನ ಬುದ್ಧಿಯ ದೊಡ್ಡ ಹೆಜ್ಜೆಯಂತೆ. ಅಂಥ ಹೆಜ್ಜೆಯನ್ನೂ ನನ್ನ ಮಗಳು ಇಡಬೇಕಾಗಿ ಬಂದದ್ದು ಅಮ್ಮನ ಕಾಲು ಕಟ್ಟಿಹಾಕಲು. ಅತ್ತೆ ಕೈ ಕೊಡವಿಕೊಂಡು ಹಿಂದೆ ಸರಿದರು.

ಟವಲನ್ನು ನಾನು ಮುಟ್ಟಲಿಲ್ಲ. ಪಕ್ಕದ ಮನೆಗೆ ಹೋಗಿ ಬಟ್ಟೆ ಬದಲಿಸಿ ಬಂದೆ. ಅತ್ತೆಯ ಹವಾಯಿ ಚಪ್ಪಲಿ ಮೆಟ್ಟಿದೆ, ಅದು ನನ್ನ ಕಾಲಿಗೆ ದೊಡ್ಡದು. ಮಗಳ ಎದುರು ಕೂತು ಹೇಳಿದೆ. "ಅಮ್ಮ ರೈಲಲ್ಲಿ ಕೆಲ್ಸಕ್ಕೆ ಓಗ್ತಾಳೆ. ಬೀದಿ ದೀಪ ಹತ್ತಿದ್ ಮೇಲೆ ಬತ್ತಾಳೆ. ಓಗ್ಬಿಟ್ಟು ಬತ್ತೀನಿ. ಮುಖ ನೋಡ್ಕೊ." ಚಪ್ಪಲಿ ಇಲ್ಲದೆಯೂ ನಾನು ಹೋಗಬಲ್ಲೆ ಎಂದು ಅವಳಿಗೆ ಹೊಳೆದಿರಲಿಲ್ಲ ಅನ್ನಿಸುತ್ತದೆ. ಬಾಗಿಲವರೆಗೂ ಓಡಿಬಂದು ಅತ್ತಳು. ನಾನು ತಿರುಗಿ ನೋಡುತ್ತಲೇ ಹೋದೆ. ಬೀದಿಯವರು ಏನೆಂದರೋ ನನಗೆ ತಿಳಿಯದು, ಅತ್ತೆಯ ಚಪ್ಪಲಿಯ ಪಟಪಟ ಸದ್ದಿನಲ್ಲಿ ಯಾವುದೂ ಕೇಳಿಸಲಿಲ್ಲ.

ಸಂಜೆ ಬೀದಿದೀಪ ಹತ್ತಿತ್ತು. ಮಗಳು ಹಿತ್ತಲಲ್ಲಿರಲಿಲ್ಲ. ಬೀದಿಬಾಗಿಲ ಮೆಟ್ಟಿಲ ಮೇಲೆ, ನನ್ನ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದರು.

"ಕಾಗೆ ತಂದ್ಕೊಡ್ತು," ಎಂದಳು ಮಗಳು ಚಪ್ಪಲಿ ಎತ್ತಿ ತೋರಿಸಿ.

ಪಕ್ಕದಲ್ಲಿ ಕೂತೆ. ಹೂಂ ಎಂದುಬಿಡಬಹುದಿತ್ತು. "ಕಾಗೆ ಅಲ್ಲ ಕಂದ. ನಿನ್ ಟವಲ್ ಕೆಳಗೇ ಇತ್ತು. ನನ್ನೂ ಕಾಗೆ ಎತ್ಕಂಡೋಗಿರ್ಲಿಲ್ಲ. ಯಾವತ್ತೂ ಎತ್ಕಂಡೋಗಿಲ್ಲ."

ಅವಳ ಹುಬ್ಬು ಗಂಟಿಕ್ಕಿತ್ತು.

"ನೀನೇ ಓಗಿದ್ಯಾ?"

"ಊಂ. ನಾನೇ."

"ದಿನಾ ನೀನೇನಾ?"

"ದಿನಾ ನಾನೇ."

ನನ್ನನ್ನೇ ನೋಡಿದಳು. ಅವಳು ಇಷ್ಟು ದಿನ ದೂರಿದ್ದು, ಬೇಡಿಕೊಂಡದ್ದು, ಇಡ್ಲಿ ಕೊಟ್ಟು ಒಲಿಸಿಕೊಂಡದ್ದು ಎಲ್ಲ ನುಗ್ಗೆಮರದ ಕಾಗೆಯನ್ನು. ಅಮ್ಮ ತಾನಾಗಿಯೇ ಹೋಗುತ್ತಿದ್ದಳು ಎಂಬ ಸುದ್ದಿ ಆ ಮುಖದಲ್ಲಿ ನಿಧಾನವಾಗಿ ಇಳಿಯುವುದು ನನಗೆ ಕಂಡಿತು. ಆಮೇಲೆ ಚಪ್ಪಲಿಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮಂಡಿಯ ಮೇಲೆ ಪಟ್ ಎಂದು ಹೊಡೆದಳು.

"ಅಯ್ಯಯ್ಯೋ, ಎತ್ತ ತಾಯಿಗೆ ಚಪ್ಲೀಲಿ ಒಡೀತಾಳಲ್ಲ," ಎಂದು ಅತ್ತೆ ಕಿತ್ತುಕೊಳ್ಳಲು ಬಗ್ಗಿದರು. "ಬಿಡಮ್ಮ, ಅದುಕ್ಕೇನ್ ಗೊತ್ತಾಗ್ತದೆ."

"ಬಿಡಿ, ಅತ್ತೆ," ಎಂದೆ. "ಗೊತ್ತಾಗೇ ಒಡ್ದಿದ್ದು."